ತಂಬಾಕಿನ ತಕರಾರು ಅರ್ಜಿ

ಭೂಸನೂರು ದಾಟಿದ ಮೇಲೆ ನಮ್ಮ ಬಸ್ಸು ಸಕ್ಕರೆ ಕಾರ್ಖಾನೆಯ ಒಂದು ಕಾಕಂಬಿ ಟ್ಯಾಂಕರಿನ ಹಿಂದೆ ಸಿಕ್ಕಿಹಾಕಿಕೊಂಡಿತು. ಅದರ ಮುಂದೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು, ಹಾಯಲು ದಾರಿಯಿಲ್ಲ. ಬಹಳ ಹೊತ್ತು ಅದೇ ವಾಸನೆ ಕಿಟಕಿಯಿಂದ ಒಳಗೆ ಬರುತ್ತಲೇ ಇತ್ತು. ಸಿಹಿ, ಆದರೆ ತಿನ್ನುವ ಸಿಹಿಯಲ್ಲ. ಸ್ವಲ್ಪ ಸುಟ್ಟ, ಸ್ವಲ್ಪ ಹುಳಿ ಹಿಡಿದ ಸಿಹಿ. ನಾನು ಗಾಜನ್ನು ಇನ್ನಷ್ಟು ಸರಿಸಿದೆ.

"ಮುಚ್ಚರಿ ಅಕ್ಕಾರ ಅದನ್ನ, ತಲಿ ತಿರಗಾಕತ್ತದ," ಎಂದು ಪಕ್ಕದಲ್ಲಿ ಕುಳಿತ ಹೆಣ್ಣುಮಗಳು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಮುಚ್ಚಿದೆ. ಅಷ್ಟರಲ್ಲಿ ಆ ವಾಸನೆಯ ಜೊತೆ ಆಯಿಯ ನೆನಪು ಒಳಗೆ ಬಂದಾಗಿತ್ತು.

ಆಳಂದದ ಹೆಣ್ಣುಮಕ್ಕಳ ಶಾಲೆಯಲ್ಲಿ ನಾನು ಶಿಕ್ಷಕಿಯಾಗಿದ್ದ ನಾಲ್ಕು ವರ್ಷ ಆಯಿಯ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಅವಳು ನನಗೆ ಸಂಬಂಧಿಯಲ್ಲ, ಓಣಿಗೆಲ್ಲ ಆಯಿ. ಮನೆಯ ಮುಂದಿನ ಪಡಸಾಲೆಯೇ ಅವಳ ಅಂಗಡಿ. ಅಲ್ಲಿ ಮಾರುತ್ತಿದ್ದದ್ದು ಒಂದೇ ವಸ್ತು, ಚಿಲುಮೆಗೆ ತುಂಬುವ ತಂಬಾಕು. ನಿಪ್ಪಾಣಿ ಕಡೆಯ ಎಲೆ ತರಿಸಿ, ನಾರು ತೆಗೆದು ಕುಟ್ಟಿ, ಕಾಕಂಬಿ ಸುರಿದು ಕಣಕದಂತೆ ನಾದಿ, ಲವಂಗ, ಕಲ್ಲುಹೂವು, ಜಟಾಮಾಂಸಿ ಸೇರಿಸುತ್ತಿದ್ದಳು. ಕೊನೆಗೆ ಹಿಂದಿನ ಗಡಿಗೆಯಿಂದ ಒಂದು ಉಂಡೆ ತೆಗೆದು ಹೊಸದಕ್ಕೆ ಬೆರೆಸುವುದು, ಹಾಲಿಗೆ ಹೆಪ್ಪು ಹಾಕಿದ ಹಾಗೆ. ಆ ಹೆಪ್ಪು ಅವಳ ಅತ್ತೆಯ ಕಾಲದಿಂದ ಬಂದದ್ದು. ಆಮೇಲೆ ಗಡಿಗೆಯ ಬಾಯಿಗೆ ಬಟ್ಟೆ ಕಟ್ಟಿ ಮೂಲೆಗಿಟ್ಟರೆ, ಯಾವತ್ತು ಬಿಚ್ಚಬೇಕೆಂಬುದು ಅವಳ ಮೂಗಿಗೆ ಮಾತ್ರ ಗೊತ್ತು.

ಆಯಿ ಒಂದು ದಿನವೂ ಚಿಲುಮೆ ಬಾಯಿಗಿಟ್ಟವಳಲ್ಲ. ಎಲ್ಲವೂ ಮೂಗಿನ ಮೇಲೆಯೇ.

"ಮೊದ್ಲ ಕಾಕಂಬಿ ವಾಸನಿ ಬರ್ತದ. ಆಮ್ಯಾಲ ಎಲಿದು. ಅವೆರಡೂ ಹ್ವಾದ ಮ್ಯಾಲ ಮೂರನೇದು ಒಂದು ಏಳ್ತದ ನೋಡು, ತೊಯ್ದ ಗೋಣಿಚೀಲ ಬಿಸಲಿಗೆ ಹಾಕಿದ್ಹಂಗ. ಅದು ಬಂತಂದ್ರ ಬಿಚ್ಚು. ಒಂದಿನ ಮೊದ್ಲ ಬಿಚ್ಚಿದ್ರ ಹುಲ್ಲು, ಒಂದಿನ ತಡಾ ಆದ್ರ ಹೆಂಡ."

ಈ ಮಾತನ್ನು ಅವಳು ಒಂದೇ ಸಲಕ್ಕೆ ಹೀಗೆ ಹೇಳಿದವಳಲ್ಲ. ಬೇರೆ ಬೇರೆ ದಿನ ಕೇಳಿದ ತುಣುಕುಗಳನ್ನು ನಾನೇ ಜೋಡಿಸಿದ್ದೇನೆ. ನೆನಪಿನ ಈ ಹೊಲಿಗೆ ಕೆಲಸ ನನಗೆ ಇಷ್ಟವಿಲ್ಲ, ಆದರೂ ಕೈ ತಾನಾಗಿಯೇ ಮಾಡಿಬಿಡುತ್ತದೆ.

ಸೇದುವವರು ಯಾರೂ ಆ ತಂಬಾಕನ್ನು ಹೊಗಳುತ್ತಿರಲಿಲ್ಲ. ಬೆಳಿಗ್ಗೆ ನಾನು ಶಾಲೆಗೆ ಹೊರಡುವ ಹೊತ್ತಿಗೆ ಇಬ್ಬರು ಕಟ್ಟೆಯ ಮೇಲೆ ಕುಳಿತಿರುತ್ತಿದ್ದರು. ಒಬ್ಬರು ಎದುರಿನ ದರ್ಜಿ ಚಾಚಾ, ಇನ್ನೊಬ್ಬರು ನಿವೃತ್ತರಾದ ಮಾಸ್ತರು.

"ಕ್ಯಾ ಆಯಿ, ಈ ಸಲ ಸಕ್ರಿ ಫ್ಯಾಕ್ಟ್ರೀನೇ ತಂದು ಹಾಕೀಯೇನು? ತುಟಿ ಅಂಟಾಕತ್ತಾವ," ಎನ್ನುವರು ಚಾಚಾ.

"ಸಿಹಿ ಎಲ್ಲದ ಚಾಚಾ? ಬೇವಿನ ರಸ ಕುಡದ್ಹಂಗ ಆಗ್ಯಾದ," ಮಾಸ್ತರು ಹೊಗೆ ಬಿಡುವರು. "ಇವರತ್ತಿ ಕಾಲದ ಮಾತ ಬ್ಯಾರೆ ಬಿಡು."

"ಇಬ್ರೂ ಒಂದ ಗಡಿಗಿದು ಸೇದಾಕತ್ತೀರಿ. ಜಗಳ ಮನ್ಯಾಗ ಆಡ್ರಿ, ನನ್ನ ಕಟ್ಟಿ ಬಿಡ್ರಿ," ಎನ್ನುವಳು ಆಯಿ.

ಆಮೇಲೆ ನನ್ನ ಕಡೆ ತಿರುಗಿ, "ನಮ್ಮತ್ತಿ ಇದ್ದಾಗ ಅಕಿಗೂ ಇದ ಅಂತಿದ್ದ ಈ ಮಾಸ್ತರ. ನಿಮ್ಮತ್ತಿ ಕಾಲದ್ಹಂಗ ಇಲ್ಲ ಅಂತ," ಎಂದು ಬಾಯಿಗೆ ಸೆರಗಿಟ್ಟು ನಗುತ್ತಿದ್ದಳು. ಒಮ್ಮೆ ಒಂದೇ ಗಡಿಗೆಯ ತಂಬಾಕನ್ನು ವಾರ ಬಿಟ್ಟು ಹೊಸದು ಎಂದು ಕೊಟ್ಟಳು. ಚಾಚಾ ಕಣ್ಣು ಮುಚ್ಚಿ ಎಳೆದು, ಕೆಮ್ಮಿ, "ಹಾಂ, ಈಗ ಸ್ವಲ್ಪ ಸುಧಾರಿಸ್ಯಾದ," ಎಂದರು. ಆ ಸಂಜೆಯಿಡೀ ಆಯಿ ಅದನ್ನೇ ನೆನೆನೆನೆದು ನಕ್ಕಳು.

"ಅವ್ರು ಹಿಂಗ ಅಂದ್ರ ನಿಮಗ ಬ್ಯಾಸರ ಆಗೂದಿಲ್ಲೇನು ಆಯಿ?" ಎಂದು ಒಮ್ಮೆ ಕೇಳಿದ್ದೆ.

"ಯಾಕ ಬ್ಯಾಸರ? ಬೈತಾರಂದ್ರ ಮನಸಿಟ್ಟು ಸೇದ್ಯಾರಂತ. ಬೈಯೂದು ಬಿಟ್ರಂದ್ರ ಅವತ್ತ ಬಾಗಲಾ ಮುಚ್ಚಬೇಕು."

ಎಲ್ಲರಿಗಿಂತ ಹೆಚ್ಚು ಬೈಯುತ್ತಿದ್ದವರು ಜೇವರ್ಗಿಯಲ್ಲಿದ್ದರು. ನಾನು ಅವರನ್ನು ನೋಡಲೇ ಇಲ್ಲ. ಮೊದಲು ಆಳಂದದ ತಹಶೀಲ್ ಕಚೇರಿಯ ಮುಂದೆ ಕುಳಿತು ಜನರಿಗೆ ಅರ್ಜಿ ಬರೆದುಕೊಡುತ್ತಿದ್ದವರಂತೆ. ಮಗನಿಗೆ ವರ್ಗವಾದಾಗ ಅವನೊಂದಿಗೆ ಜೇವರ್ಗಿಗೆ ಹೋದರು. ಹೋದ ಮೇಲೂ ಆಯಿಯ ತಂಬಾಕು ಬಿಡಲಿಲ್ಲ. ಹಾಲಿನ ಪುಡಿಯ ಖಾಲಿ ಡಬ್ಬಿಯೊಂದು ಬಸ್ ಕಂಡಕ್ಟರರ ಕೈಯಲ್ಲಿ ಬರುತ್ತಿತ್ತು, ತುಂಬಿ ಕಳಿಸಬೇಕು. ಡಬ್ಬಿಯೊಳಗೆ ನಾಲ್ಕು ಮಡಿಕೆಯ ಚೀಟಿ ಇರುತ್ತಿತ್ತು. ಆಯಿಗೆ ಓದು ಬಾರದು. ಓದುವುದು ನನ್ನ ಪಾಲಿಗೆ ಬಂತು.

ಅವರಿಗೆ ಅರ್ಜಿಯ ಭಾಷೆ ಬಿಟ್ಟು ಬೇರೆ ಭಾಷೆಯಲ್ಲಿ ಬರೆಯಲು ಬರುತ್ತಿರಲಿಲ್ಲವೋ ಏನೋ. "ವಿಷಯ: ಕಳೆದ ಡಬ್ಬಿಯ ತಂಬಾಕಿನ ಬಗ್ಗೆ ತಕರಾರು. ಮಾನ್ಯರೇ, ಅರಿಕೆ ಮಾಡಿಕೊಳ್ಳುವುದೇನೆಂದರೆ, ಸದರಿ ತಂಬಾಕು ಗಂಟಲಿನಲ್ಲಿ ಕುಳಿತಿದ್ದು, ಎಷ್ಟು ಹೇಳಿದರೂ ಏಳುತ್ತಿಲ್ಲ. ಕಾರಣ ತಾವು ಲವಂಗ ಕಡಿಮೆ ಮಾಡಿ ನ್ಯಾಯ ಒದಗಿಸಬೇಕಾಗಿ ವಿನಂತಿ." ಮುಂದಿನ ಸಲ, "ಸದರಿ ತಂಬಾಕಿನಲ್ಲಿ ಲವಂಗವು ನಾಪತ್ತೆಯಾಗಿದ್ದು..." ಆಯಿ ಲವಂಗವನ್ನು ಒಂದು ಕಾಳೂ ಹೆಚ್ಚು ಕಡಿಮೆ ಮಾಡಿರುತ್ತಿರಲಿಲ್ಲ. ಗೋಡೆಗೆ ಒರಗಿ, ಕಾಲು ಚಾಚಿ, ನ್ಯಾಯಾಧೀಶರ ಗಾಂಭೀರ್ಯದಿಂದ ಕೇಳಿ, ಕೊನೆಗೆ ಅವರಿಂದಲೇ ಕಲಿತ ಶಬ್ದ ಹೇಳುತ್ತಿದ್ದಳು: "ಬರಿ, ಟೀಚರಬಾಯಿ. ತಕರಾರು ವಜಾ." ನಾನು ಅದೇ ಚೀಟಿಯ ಹಿಂದೆ ಬರೆದು ಡಬ್ಬಿಯೊಳಗೆ ಇಡುತ್ತಿದ್ದೆ.

ಅವರಿಬ್ಬರ ನಡುವೆ ಏನಾದರೂ ಇತ್ತೇ ಎಂದು ಆಗ ನನಗೆ ಕುತೂಹಲವಿತ್ತು. ಈಗ ಅನಿಸುತ್ತದೆ, ಇದ್ದದ್ದು ಇದೇ. ಇದಕ್ಕಿಂತ ಬೇರೆ ಇರಬೇಕಾಗಿರಲಿಲ್ಲ.

ನಾಲ್ಕನೇ ವರ್ಷದ ಚಳಿಗಾಲದಲ್ಲಿ ಆಯಿಗೆ ಜ್ವರ, ನೆಗಡಿ ಬಂತು. ಹದಿನೈದು ದಿನಕ್ಕೆ ಎರಡೂ ಹೋದವು. ಆಮೇಲೆ ಒಂದು ಬೆಳಿಗ್ಗೆ ನಾನು ಕೋಣೆಯಲ್ಲಿ ಜಡೆ ಹಾಕಿಕೊಳ್ಳುತ್ತಿದ್ದಾಗ ಬೇಳೆ ಸೀದ ವಾಸನೆ ಬಂತು. ಓಡಿಹೋಗಿ ನೋಡಿದರೆ ಆಯಿ ಒಲೆಯ ಪಕ್ಕದಲ್ಲೇ ಕುಳಿತು ಎಲೆಯ ನಾರು ತೆಗೆಯುತ್ತಿದ್ದಳು. ಪಾತ್ರೆಯಿಂದ ಕಪ್ಪು ಹೊಗೆ ಏಳುತ್ತಿತ್ತು. ನಾನು ಪಾತ್ರೆ ಇಳಿಸಿದೆ. ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು.

"ಯಾರ ಮುಂದೂ ಹೇಳಬ್ಯಾಡ ಬೇ," ಎಂದಳು. "ವಾಸನಿ ಬರ್ತದ ತಿರಗಿ. ಬರಲಿಲ್ಲಂದ್ರ ಮುಚ್ಚಿಬಿಡ್ತೇನಿ. ಕೆಟ್ಟಿದ್ದು ನನ್ನ ಕೈಯಿಂದ ಹೋಗಬಾರ್ದು."

ಅಂಗಡಿ ಮುಚ್ಚಿದ ಆಯಿಯನ್ನು ನಾನು ಕಲ್ಪಿಸಿಕೊಳ್ಳಲಾರದವಳಾಗಿದ್ದೆ. ಬೆಳಿಗ್ಗೆದ್ದು ಆಕೆ ಏನು ಮಾಡಿಯಾಳು? ಯಾರು ಆಕೆಯನ್ನು ಬೈದಾರು? ಹಾಗಾಗಿ, ಆ ಸಲದ ಗಡಿಗೆಗೆ ನನ್ನ ಮೂಗನ್ನು ಕೊಟ್ಟೆ. ದಿನಾ ಶಾಲೆಗೆ ಹೋಗುವ ಮೊದಲು ಬಾಗಿ ಬಟ್ಟೆಗೆ ಮೂಗು ಹಚ್ಚುತ್ತಿದ್ದೆ. ಆಯಿ ನನ್ನ ಮುಖವನ್ನೇ ನೋಡುತ್ತ ನಿಂತಿರುತ್ತಿದ್ದಳು. ಕಾಕಂಬಿ ಗೊತ್ತಾಗುತ್ತಿತ್ತು. ಎಲೆಯೂ ಗೊತ್ತಾಯಿತು. ಮೂರನೆಯದು...

ಒಂದು ದಿನ, "ಬಂತು ಆಯಿ," ಎಂದೆ.

ಬಂದಿತ್ತೇ? ಶಾಲೆಗೆ ತಡವಾಗಿತ್ತು ಎಂಬ ನೆನಪಿದೆ. ಅವಳ ಮುಖ ನೋಡಿ ಸಾಕಾಗಿತ್ತು ಎಂಬುದೂ ಇದೆ. ಎರಡರಲ್ಲಿ ಒಂದನ್ನು ಆಮೇಲೆ ಕಟ್ಟಿಕೊಂಡಿರಬೇಕು. ಗೋಣಿಚೀಲದ ವಾಸನೆ ಬಂದ ನೆನಪು ಮಾತ್ರ ಇಲ್ಲ.

ಮರುದಿನ ಚಾಚಾ ಒಂದು ದಮ್ಮು ಎಳೆದು ಚಿಲುಮೆಯನ್ನು ಕೈಯಲ್ಲೇ ಹಿಡಿದು ಕುಳಿತರು. ಬೈಗುಳ ಬಾಯಿಗೆ ಬರುವಷ್ಟರಲ್ಲಿ ನಾನು ಅವರ ಅಂಗಡಿಗೆ ಏನೋ ಹೊಲಿಸುವ ನೆಪ ಮಾಡಿ ಕರೆದುಕೊಂಡು ಹೋಗಿ ವಿಷಯ ಹೇಳಿಬಿಟ್ಟೆ. ಯಾರ ಮುಂದೂ ಹೇಳಬೇಡ ಎಂದಿದ್ದಳಲ್ಲ, ಆಗಲೇ ಮುರಿದೆ. ಚಾಚಾ ಚಿಲುಮೆಯ ಬೂದಿಯನ್ನು ಹೊಸ್ತಿಲ ಹೊರಗೆ ಕೊಡವಿದರು. ಆಮೇಲೆ ರಸ್ತೆ ದಾಟಿ, ಕಟ್ಟೆಯ ಮೇಲೆ ಕುಳಿತು, "ಆಯಿ, ಮಾಲು ಏಕದಂ ಫಸ್ಟ್ ಕ್ಲಾಸ್," ಎಂದರು. ಮಾಸ್ತರಿಗೂ ಅವರೇ ಹೇಳಿರಬೇಕು. "ನಿಮ್ಮತ್ತಿ ಕೈ ನೆನಪಾತು ನೋಡ್ರಿ," ಎಂದರು ಮಾಸ್ತರು.

ಆಯಿ ಇಬ್ಬರನ್ನೂ ನೋಡಿದಳು. ಆ ವಾರ ಅವಳು ಊಟ ಕಡಿಮೆ ಮಾಡಿದಳು. ಬಾಯಿಗೆ ರುಚಿ ಹತ್ತುತ್ತಿಲ್ಲ, ಅದಕ್ಕೇ ಎಂದು ನಾನು ತಿಳಿದೆ.

ಜೇವರ್ಗಿಗೆ ಹೋದ ಡಬ್ಬಿ ತಿರುಗಿ ಬಂತು. ಆಯಿ ಎಂದಿನಂತೆ ಗೋಡೆಗೆ ಒರಗಿ ಕುಳಿತಳು, ಆದರೆ ಕಾಲು ಚಾಚಲಿಲ್ಲ. ನಾನು ಚೀಟಿ ಬಿಚ್ಚಿದೆ. ಅವರಿಗೆ ಮೂಗಿನ ವಿಷಯ ಯಾರೂ ಹೇಳಿರಲಿಲ್ಲ. ಅವರು ತಮ್ಮ ಕೆಲಸ ಪ್ರಾಮಾಣಿಕವಾಗಿ ಮಾಡಿದ್ದರು. ಸದರಿ ತಂಬಾಕು ದನದ ಮೇವಿಗೆ ಯೋಗ್ಯ ಎಂಬಂಥ ಏನೋ ಒಂದು... ಅಷ್ಟಾಗಿ ನೆನಪಿಲ್ಲ. ಕೊನೆಯ ಸಾಲು ಮಾತ್ರ ಅಕ್ಷರಶಃ ಕಣ್ಣ ಮುಂದಿದೆ ಎಂದುಕೊಂಡಿದ್ದೇನೆ: "ಇನ್ನು ಮುಂದೆ ಮೂಸಿ ನೋಡಿ ಕಳಿಸಬೇಕಾಗಿ ವಿನಂತಿ."

ಓದಲು ಆಗಲಿಲ್ಲ. ಅದೇ ಧಾಟಿಯಲ್ಲಿ, ತಡವರಿಸದೆ, ಹೊಸದೊಂದು ಓದಿದೆ. "ಮಾನ್ಯರೇ, ಅರಿಕೆ ಮಾಡಿಕೊಳ್ಳುವುದೇನೆಂದರೆ, ಈ ಸಲದ ತಂಬಾಕು ಅತ್ಯುತ್ತಮವಾಗಿದ್ದು, ಇದೇ ರೀತಿ ಕಳಿಸುತ್ತಿರಬೇಕಾಗಿ ವಿನಂತಿ."

ಆಯಿ ಕೈ ಎತ್ತಿದಳು. "ನಿಂದ್ರು. ಇದು ಅವನ ಮಾತಲ್ಲ."

"ಹಿಂಗ ಬರದಾರ ಆಯಿ."

"ಅವ ಹುಟ್ಟಿದಾಗಿಂದ ಅರ್ಜಿ ಬರದಾನ. ತಕರಾರ ಇಲ್ಲಂದ್ರ ಅವ ಪೆನ್ನ ಹಿಡಿಯೂದಿಲ್ಲ. ಅಲ್ಲಿ ಏನದ ಅದನ್ನ ಓದು ಬೇ."

ಓದಿದೆ. ಎಲ್ಲವನ್ನೂ, ಕೊನೆಯ ಸಾಲು ಸಮೇತ. ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಮೆಲ್ಲಗೆ ಕಾಲು ಚಾಚಿದಳು. ಮುಖ ಸಡಿಲವಾಯಿತು. ಎಷ್ಟೋ ದಿನದಿಂದ ಎಲ್ಲರೂ ಸೇರಿ ಅವಳನ್ನು ಕತ್ತಲೆಯಲ್ಲಿ ಕೂರಿಸಿದ್ದೆವು. ಒಬ್ಬರು ಬಂದು ಹೆಸರು ಹಿಡಿದು ಕರೆದ ಹಾಗೆ ಆಗಿರಬೇಕು.

"ಹಾಂ. ಇದು ಅವನ ಮಾತು," ಎಂದಳು. "ಚಾಚಾನೂ ಮಾಸ್ತರನೂ ನನ್ನ ಸಣ್ಣ ಕೂಸು ಮಾಡಿದ್ರು. ನೀನೂ. ಅವ ಒಬ್ಬವ ಬಿಡಲಿಲ್ಲ ನೋಡು. ಬರಿ. ತಕರಾರು ಖರೇ ಅದ, ಒಪ್ಪೇನಿ ಅಂತ ಬರಿ."

ಬರೆದೆ. ಡಬ್ಬಿಯಲ್ಲಿ ಹಳೆಯ ಗಡಿಗೆಯ ತಳದಲ್ಲಿ ಉಳಿದಿದ್ದ ಒಳ್ಳೆಯ ತಂಬಾಕನ್ನು ತುಂಬಿಸಿದಳು, ಹೆಪ್ಪಿಗೆಂದು ಇಟ್ಟಿದ್ದ ಉಂಡೆಯನ್ನೂ ಸೇರಿಸಿ. "ಆಯಿ, ಹೆಪ್ಪು?" ಎಂದೆ. "ಇನ್ನ ಯಾಕ ಬೇಕು?" ಎಂದಳು. ಅಂಗಡಿ ಮುಚ್ಚಬೇಡ ಎಂದು ಚಾಚಾ, ಮಾಸ್ತರು ಎಷ್ಟೋ ಹೇಳಿದರು. ಚಾಚಾ ಕ್ಷಮೆ ಕೇಳಿ, ಅಲ್ಲೇ ಕುಳಿತು ಆ ತಂಬಾಕನ್ನು ಬಾಯ್ತುಂಬ ಬೈದರು. ಆಯಿ ನಕ್ಕಳು, ಗಡಿಗೆ ಮತ್ತೆ ಇಡಲಿಲ್ಲ.

ತಿಂಗಳೊಪ್ಪತ್ತಿಗೆ ಡಬ್ಬಿ ಇನ್ನೊಮ್ಮೆ ಬಂತು. ಚೀಟಿಯಲ್ಲಿ ವಿಷಯವೂ ಇರಲಿಲ್ಲ, ಮಾನ್ಯರೇ ಎಂದೂ ಇರಲಿಲ್ಲ. ಕೆಟ್ಟದ್ದಾದರೂ ಸರಿ, ಕಳಿಸಿರಿ ಎಂದಷ್ಟೇ ಇತ್ತು. ಆಯಿ ಅದನ್ನು ಎರಡು ಸಲ ಓದಿಸಿಕೊಂಡಳು. ಡಬ್ಬಿಯನ್ನು ಬೂದಿ ಹಚ್ಚಿ ತಿಕ್ಕಿ ತೊಳೆದು, ಬಿಸಿಲಿಗೆ ಒಣಗಿಸಿ, ಖಾಲಿಯಾಗಿಯೇ ಕಂಡಕ್ಟರರ ಕೈಗೆ ಕೊಟ್ಟಳು.

ಆ ಜೂನಿನಲ್ಲಿ ನನಗೆ ವರ್ಗವಾಯಿತು. ಅವಳು ಹೋದ ಸುದ್ದಿ ನನಗೆ ತಲುಪುವ ಹೊತ್ತಿಗೆ ವರ್ಷವೇ ಕಳೆದಿತ್ತು.

ಎಷ್ಟೋ ವರ್ಷಗಳ ಮೇಲೆ, ಆ ಕಾಕಂಬಿ ವಾಸನೆಯ ಬಸ್ಸಿನಲ್ಲಿ ನಾನು ಹೊರಟದ್ದು ಜೇವರ್ಗಿಗೇ, ತಂಗಿಯ ಮಗಳ ನಿಶ್ಚಯಕ್ಕೆ. ಚೀಟಿ ಬರೆಯುತ್ತಿದ್ದವರ ಮನೆ ಹುಡುಕಬೇಕೆಂದು ಅಫಜಲಪುರದಲ್ಲಿ ಬಸ್ಸು ಬದಲಿಸುವಾಗ ತೀರ್ಮಾನಿಸಿದೆ. ಮರುದಿನ ಬೆಳಿಗ್ಗೆ ಅವರಿವರನ್ನು ಕೇಳುತ್ತ ಹೋದೆ. ಅರ್ಜಿ ಬರೆಯುತ್ತಿದ್ದ ಹಿರಿಯರ ಮನೆಯನ್ನು ಒಬ್ಬ ಝೆರಾಕ್ಸ್ ಅಂಗಡಿಯವನು ತೋರಿಸಿದ. ಬಾಗಿಲು ತೆಗೆದವರು ಅವರ ಸೊಸೆ, ಅವರಿಗೂ ಈಗ ತಲೆ ಬೆಳ್ಳಗಾಗಿದೆ. ಆಳಂದದ ತಂಬಾಕಿನ ಆಯಿಯ ಮನೆಯಲ್ಲಿದ್ದೆ ಎಂದ ಕೂಡಲೇ ಒಳಗೆ ಕರೆದು ಚಹಾ ಇಟ್ಟರು.

"ಮಾವಾರು ಹೋಗಿ ಭಾಳ ವರ್ಷ ಆತ್ರಿ. ಆ ತಂಬಾಕು ನಿಂತ ಮ್ಯಾಲ ಅಂಗಡ್ಯಾಗಿನ ಪಾಕೀಟ ತಂದು ಕೊಟ್ಟಿವ್ರಿ. ಒಂದು ಎಳದು ಇಟ್ಟಬಿಡೋರು. ಆಯಿ ಕೈಯಾಗಿಂದು ಒಂದ ಸಲಾನೂ ಕೆಟ್ಟಿಲ್ಲ ಅನ್ನೋರು. ಸಾಯೂತನಕಾ ಅದ ಮಾತ್ರಿ."

"ಅವರು ತಕರಾರು ಬರೀತಿದ್ರಲ್ರಿ," ಎಂದೆ. "ಡಬ್ಬ್ಯಾಗ ಚೀಟಿ ಇಟ್ಟು. ನಾನ ಓದ್ತಿದ್ದೆ."

"ತಕರಾರಾ? ನಮ್ಮ ಮಾವಾರಾ?" ಅವರು ನಕ್ಕರು. "ಊರಿಗೆಲ್ಲಾ ತಕರಾರ ಬರೀತಿದ್ರು ಖರೇ. ಆ ತಂಬಾಕಿಗೆ ಒಂದ ಮಾತ ಅಂದವ್ರಲ್ಲ ಬಿಡ್ರಿ." ಆಮೇಲೆ, ಚಹಾದ ಬಟ್ಟಲನ್ನು ನನ್ನ ಕಡೆ ಸರಿಸುತ್ತ, ಆಸೆಯಿಂದ ಕೇಳಿದರು: "ಏನಂತ ಬರೀತಿದ್ರು? ನೆನಪಿದ್ರ ಒಂದ ಹೇಳ್ರಲ್ಲ. ಅವರ ಬರದ್ದು ಮನ್ಯಾಗ ಒಂದ ಹಾಳಿನೂ ಉಳದಿಲ್ಲರಿ."

ದನದ ಮೇವಿನದನ್ನು ಹೇಳಬೇಕೆಂದು ಬಾಯಿ ತೆಗೆದೆ. ಗಂಟಲಲ್ಲಿ ಕುಳಿತ ತಂಬಾಕಿನದನ್ನಾದರೂ. ಸೊಸೆ ಸೆರಗು ಸರಿಮಾಡಿಕೊಂಡು, ಮಾವನ ಮುಂದೆ ಕುಳಿತ ಹಾಗೆ ಕುಳಿತಿದ್ದರು. ಸಾಲುಗಳು ಒಂದರೊಳಗೊಂದು ಸೇರಿಹೋದವು. ತಡವರಿಸದೆ, ಅಕ್ಷರ ತಪ್ಪದೆ ಬಂದದ್ದು ಒಂದೇ:

"ಮಾನ್ಯರೇ, ಅರಿಕೆ ಮಾಡಿಕೊಳ್ಳುವುದೇನೆಂದರೆ, ಈ ಸಲದ ತಂಬಾಕು ಅತ್ಯುತ್ತಮವಾಗಿದ್ದು, ಇದೇ ರೀತಿ ಕಳಿಸುತ್ತಿರಬೇಕಾಗಿ ವಿನಂತಿ."

"ನೋಡ್ರಿ! ನಾ ಹೇಳಲಿಲ್ಲೇನು?" ಎಂದರು ಸೊಸೆ. ಅವರ ಕಣ್ಣುಗಳು ಒದ್ದೆಯಾಗಿದ್ದವು. "ಅವರದ ಮಾತ್ರಿ ಇದು. ಅವರ ಬಂದು ಹೇಳಿದ್ಹಂಗ ಆತು."

ಬೇಕೆಂದೇ ಹೇಳಿದೆನೋ, ನನ್ನಲ್ಲಿ ಉಳಿದಿರುವುದೇ ಅದೊಂದೋ, ಈಗಲೂ ತಿಳಿಯದು. ಚಹಾ ಕುಡಿಯುತ್ತ ಸ್ವಲ್ಪ ಹೊತ್ತು ಕಾದೆ. ಅದು ಅವರ ಮಾತಲ್ಲ ಎಂದು ಗುರುತು ಹಿಡಿದು, ಕೈ ಎತ್ತಿ ನಿಲ್ಲಿಸುವವರು ಆ ಮನೆಯಲ್ಲಿ ಯಾರೂ ಇರಲಿಲ್ಲ.