ಲೋಟದ ಸದ್ದು

ಮೇಷ್ಟ್ರ ಕಣ್ಣು ಮಂಜು. ಕಾಲೇಜಿನಲ್ಲಿ ಕೀಟಗಳ ಪಾಠ ಹೇಳುವವರು ಅವರು. ಅಡುಗೆಮನೆ ಕಿಟಕಿಯಲ್ಲಿ ಮಣ್ಣಿನ ಗೂಡು ಕಟ್ಟುವ ಕಣಜದ ಹುಳುವನ್ನು ನೋಡುವವಳು ಅವರ ಹೆಂಡತಿ. ಪಾತ್ರೆ ತೊಳೆಯುವುದನ್ನು ಅರ್ಧಕ್ಕೆ ಬಿಟ್ಟು ನೋಡುವಳು. ಮಣ್ಣು ಎಲ್ಲಿಂದ ತಂತು, ಮೊಟ್ಟೆ ಯಾವಾಗ ಇಟ್ಟಿತು, ಮರಿಯ ಹೊಟ್ಟೆಗೆಂದು ಯಾವ ಹಸಿರು ಹುಳುವನ್ನು ಹೊತ್ತು ತಂತು, ಎಲ್ಲ ಹೇಳುವಳು. ಅವರು ತಮ್ಮ ಪುಸ್ತಕಕ್ಕೆಂದು ಬರೆದುಕೊಳ್ಳುವರು.

ಬರೆದದ್ದನ್ನು ಸಂಜೆ ಅವಳಿಗೆ ಓದಿ ಹೇಳಬೇಕು. ಶಿಷ್ಯರು ಕೂತಿದ್ದರೆ ಅವಳು ಬಾಯಿ ಬಿಡುತ್ತಿರಲಿಲ್ಲ. ನಾಲ್ಕಕ್ಷರ ಕಲಿತವಳಲ್ಲ ಎಂಬ ಅಳುಕು. ತಪ್ಪು ಬಂದರೆ ಕೈಯಲ್ಲಿದ್ದ ಲೋಟವನ್ನು ಟಕ್ಕೆಂದು ಇಡುವಳು. ಮೇಷ್ಟ್ರು ಆ ಸಾಲು ಹೊಡೆದುಹಾಕುವರು. ನಮ್ಮನೇಲಿ ಲೋಟಕ್ಕೂ ಬಾಯಿದೆ ಎಂದು ನಗುವರು. ಶಿಷ್ಯರೂ ನಗುವರು, ಯಾಕೆಂದು ಗೊತ್ತಿಲ್ಲದೆ.

ಪುಸ್ತಕದ ಕೊನೆಯ ಪಾಠವನ್ನು ಅವರು ಆಸ್ಪತ್ರೆಯ ಮಂಚದಲ್ಲಿ ಬರೆದರು. ಓದಿ ಹೇಳುವಷ್ಟು ಉಸಿರು ಉಳಿಯಲಿಲ್ಲ.

ಅವರು ಹೋದ ಮೇಲೆ ಕಾಲೇಜಿನಲ್ಲಿ ಸಭೆ ಮಾಡಿದರು. ಅವಳನ್ನು ಮುಂದೆ ಕೂರಿಸಿ, ಕೈಗೊಂದು ಲೋಟ ನೀರು ಕೊಟ್ಟರು. ಪುಸ್ತಕ ಮರುದಿನ ಅಚ್ಚಿಗೆ ಹೋಗುವುದಿತ್ತು. ಹಿರಿಯ ಶಿಷ್ಯ ಎದ್ದು ಆ ಪಾಠ ಓದಿದ. ಕಣಜವು ಹಸಿರು ಹುಳುವನ್ನು ಕೊಂದು ಗೂಡಿನಲ್ಲಿ ತುಂಬುತ್ತದೆ, ಎಂದಿತ್ತು.

ಕುರ್ಚಿಯ ಮರದ ಕೈಮೇಲೆ ಲೋಟ ಟಕ್ಕೆಂದಿತು, ನೀರು ಚೆಲ್ಲಿತು.

ಯಾರೋ ಬಂದು ನೀರು ತುಂಬಿಸಿ ಹೋದರು. ಮತ್ತೆ ಕುಕ್ಕಿದಳು. ಮತ್ತೆ ತುಂಬಿಸಿದರು.

ಸಭೆ ಮುಗಿದ ಮೇಲೆ ಶಿಷ್ಯನನ್ನು ಬಾಗಿಲಲ್ಲಿ ತಡೆದಳು.

"ಆ ಹುಳು ಸತ್ತಿರಲ್ಲಪ್ಪಾ. ಅಲ್ಲಾಡೋಕಾಗಲ್ಲ, ಅಷ್ಟೆ. ಜೀವ ಇರುತ್ತೆ. ಆ ಸಾಲು ತೆಗೆದುಬಿಡು."

"ಮೇಷ್ಟ್ರು ಬರೆದಿದ್ದಮ್ಮಾ. ನಾವು ಕೈ ಹಾಕೋಕಾಗುತ್ತಾ?"

"ಬರೆದಿದ್ದು ಅವರು. ನೋಡಿದ್ದು ನಾನು."

ಅವನ ಕಣ್ಣು ತುಂಬಿ ಬಂತು. ಸುಸ್ತಾಗಿದೀರಿ, ಮನೆಗೆ ಹೋಗಿ ಮಲಗಿ ಎಂದು ಆಟೋ ಹತ್ತಿಸಿದ. ಒಳ್ಳೆಯವನೇ.

ಪುಸ್ತಕ ಬಂತು. ಅಕ್ಷರ ಅಕ್ಷರ ಕೂಡಿಸಿ ಓದಿದಳು. ಸಾಲು ಹಾಗೇ ಇತ್ತು. ಮೊದಲ ಪುಟದಲ್ಲಿ ಅವಳಿಗೂ ವಂದನೆ ಇತ್ತು, ಬಂದವರನ್ನೆಲ್ಲ ಬೇಸರವಿಲ್ಲದೆ ಉಪಚರಿಸಿದ್ದಕ್ಕೆ. ಮುಚ್ಚಿ ಕಪಾಟಿನ ಮೇಲಿಟ್ಟಳು.

ಕಿಟಕಿಯಲ್ಲಿ ಕಣಜ ಬಾಯಿ ಮುಚ್ಚಿದ ಗೂಡಿಗೆ ಮತ್ತೆ ಬಂದು, ಮೇಲೆ ಇನ್ನೊಂದು ಪದರ ಮಣ್ಣು ಮೆತ್ತುತ್ತಿತ್ತು. ಇದನ್ನು ಅವಳು ಯಾವತ್ತೂ ನೋಡಿರಲಿಲ್ಲ. "ಇಲ್ನೋಡಿ" ಎಂದು ತಿರುಗಿದಳು.

ಮೇಷ್ಟ್ರ ಕುರ್ಚಿಯ ಮೇಲೆ ಮಡಿಸದ ಬಟ್ಟೆ ಬಿದ್ದಿತ್ತು. ಆದರೂ ಹೇಳಿದಳು, ಮೊದಲಿನಿಂದ ಕೊನೆಯವರೆಗೆ, ಬರೆದುಕೊಳ್ಳುವಷ್ಟು ನಿಧಾನವಾಗಿ.