ಎದುರು ಕೂತು ಕಲಿತ ಹೊಲಿಗೆ

ಡಿಸೈನ್ ಕಾಲೇಜಿನ ಮೂರನೇ ವರ್ಷದಲ್ಲಿ ಮಗಳು ಎರಡು ವಾರಕ್ಕೆ ವಿಯೆಟ್ನಾಮಿಗೆ ಹೋದಳು. ಅಲ್ಲಿ ಕೈಕೆಲಸ ಮಾಡುವ ಒಬ್ಬೊಬ್ಬರ ಬಗ್ಗೆ ಒಬ್ಬೊಬ್ಬ ವಿದ್ಯಾರ್ಥಿ ಡಿಜಿಟಲ್ ಪುಸ್ತಕ ಮಾಡಬೇಕಿತ್ತು. ಪರದೆ ಮುಟ್ಟಿದರೆ ವಿಡಿಯೋ ಓಡಬೇಕು, ಬೆರಳು ಎಳೆದರೆ ಕೆಲಸ ಮುಂದೆ ಸಾಗಬೇಕು. ಅವಳ ಪಾಲಿಗೆ ಬಂದದ್ದು ಎಲೆಯ ಟೋಪಿ ಹೊಲಿಯುವ ಒಬ್ಬ ಹೆಂಗಸು. ಪುಸ್ತಕ ಎಲ್ಲರಿಗೂ ಅರ್ಥವಾಗುತ್ತದೋ ಎಂದು ನೋಡಲು ಇಂಥದ್ದೆಲ್ಲ ಏನೂ ಗೊತ್ತಿಲ್ಲದ ಒಬ್ಬರು ಬೇಕಂತೆ. ಹಾಗಾಗಿ ಮೂಡಬಿದಿರೆಯಲ್ಲಿ ಅಡುಗೆ ಮಾಡಿಕೊಂಡಿದ್ದ ನನ್ನನ್ನು ಆರಿಸಿದಳು.

ಮೊದಲ ದಿನವೇ ವಿಡಿಯೋ ಕಾಲ್ ಮಾಡಿ ಅವರನ್ನು ತೋರಿಸಿದಳು. ನಮ್ಮಲ್ಲಿ ಗದ್ದೆ ಕೆಲಸಕ್ಕೆ ಇಳಿಯುವವರು ಅಡಿಕೆ ಹಾಳೆಯ ಮುಟ್ಟಾಳೆ ಇಟ್ಟುಕೊಳ್ಳುತ್ತಾರಲ್ಲ, ಅವರ ಟೋಪಿ ಅದಕ್ಕಿಂತ ಅಗಲ, ತುದಿ ಚೂಪು. ಬಿದಿರಿನ ಬಳೆಗಳನ್ನು ಒಂದರ ಕೆಳಗೊಂದು ಕೂರಿಸಿ, ಮೇಲೆ ಒಣಗಿದ ಎಲೆ ಹಾಸಿ, ತೆಳ್ಳಗಿನ ದಾರದಲ್ಲಿ ಸುತ್ತಲೂ ಹೊಲಿಯುವುದು. ಆ ಹೆಂಗಸಿಗೆ ನನ್ನದೇ ಪ್ರಾಯ ಇರಬಹುದು. ಪಕ್ಕದಲ್ಲಿ ನೀಲಿ ಪ್ಲಾಸ್ಟಿಕ್ ಸ್ಟೂಲು, ಅದರ ಮೇಲೆ ಅಂಚು ಸೀಳಿದ ಚಹಾದ ಕಪ್ಪು. ಎಡಗೈಯ ತೋರುಬೆರಳಿಗೆ ಬಿಳಿ ಪಟ್ಟಿ ಸುತ್ತಿದ್ದರು. ಸೂಜಿಯೂ ಅದೇ ಕೈಯಲ್ಲಿತ್ತು.

"ಅತ್ತೆ, ಇವರೂ ಎಡಗೈಯವರು!" ಎಂದು ಕೂಗಿದೆ.

ಅತ್ತೆ ಅಲಸಂಡೆ ಮುರಿಯುತ್ತಾ ಕೂತಿದ್ದರು. "ಅಲ್ಲಿಯೂ ಉಂಟಾ ನಿನ್ನ ಹಾಗಿನವರು?" ಎಂದರು, ತಲೆ ಎತ್ತದೆ.

ಮದುವೆಯಾಗಿ ಬಂದ ಹೊಸತರಲ್ಲಿ ನಾನು ನೆಂಟರಿಗೆ ಎಡಗೈಯಲ್ಲಿ ಪಾಯಸ ಬಡಿಸಲು ಹೊರಟಾಗ ಅತ್ತೆ ಎಲ್ಲರ ಎದುರೇ ನನ್ನ ಮಣಿಕಟ್ಟು ಹಿಡಿದಿದ್ದರು. ಅಂದಿನಿಂದ ಬಡಿಸುವುದು, ಕೊಡುವುದು, ತಿನ್ನುವುದು ಬಲಗೈ. ತರಕಾರಿ ಹೆಚ್ಚುವುದು, ಹೊಲಿಯುವುದು ಎಡಗೈ. ಬಾಯಿಬಿಟ್ಟು ಮಾತಾಡದೆ ನಾವಿಬ್ಬರೂ ಮಾಡಿಕೊಂಡ ಏರ್ಪಾಡು ಅದು.

ಮಗಳು ಅಲ್ಲಿಂದ ಹೊರಡಲು ಎರಡು ದಿನ ಇರುವಾಗ ಪುಸ್ತಕದ ಲಿಂಕ್ ಬಂತು. ಕೆಲಸ ಮುಗಿಸಿ, ಕೈ ಒರೆಸಿಕೊಂಡು, ಊಟದ ಮೇಜಿನ ಹತ್ತಿರ ಕೂತೆ. ಚಂದ ಇತ್ತು. ಎಲೆಯನ್ನು ಮುಟ್ಟಿದರೆ ಅದು ಇಸ್ತ್ರಿಯ ಕೆಳಗೆ ಚಪ್ಪಟೆಯಾಗುತ್ತಿತ್ತು. ಬಳೆಯ ಮೇಲೆ ಬೆರಳು ಎಳೆದರೆ ಹೊಲಿಗೆ ಹಿಂದೆಯೇ ಬರುತ್ತಿತ್ತು. ಮೇಲಿನ ವಿಡಿಯೋದಲ್ಲಿ ಅವರ ಕೈಗಳು. ಬಿಳಿ ಪಟ್ಟಿ ಬಲಗೈಯ ಬೆರಳಿನಲ್ಲಿತ್ತು. ಮೂರು ಸಲ ಹಿಂದೆ ಹೋಗಿ ನೋಡಿದೆ, ಆಮೇಲೆ ಫೋನ್ ಮಾಡಿದೆ.

"ಹೇಗುಂಟು ಅಮ್ಮ? ಎಲ್ಲಾದರೂ ಸಿಕ್ಕಿಹಾಕಿಕೊಂಡಿತಾ?"

"ಇಲ್ಲ, ಸಲೀಸಾಗಿ ಹೋಗ್ತದೆ. ಆದರೆ ಆ ಅಕ್ಕನ ಬೆರಳಿನ ಪಟ್ಟಿ ಆಚೆ ಕೈಗೆ ಹೇಗೆ ಹೋಯಿತು?"

"ಅಯ್ಯೋ, ಅದನ್ನೂ ನೋಡಿದ್ಯಾ? ವಿಡಿಯೋ ತಿರುಗಿಸಿದ್ದೇನೆ ಅಷ್ಟೆ, ಕನ್ನಡಿಯಲ್ಲಿ ಕಾಣುವ ಹಾಗೆ. ನೋಡಿ ಕಲಿಯುವವರು ಹೆಚ್ಚಾಗಿ ಬಲಗೈಯವರಲ್ವಾ? ಅವರಿಗೆ ಗೊಂದಲ ಆಗ್ತದೆ ಅಂತ ಸರ್ ಹೇಳಿದರು."

"ನಾಳೆ ಅವರಿಗೆ ಇದನ್ನು ತೋರಿಸ್ಲಿಕ್ಕುಂಟಲ್ಲ?"

"ಹೌದು, ಸಂಜೆ, ಅವರ ಮನೆಯವರೆಲ್ಲ ಬರ್ತಾರೆ."

"ಅವರದ್ದಲ್ಲದ ಕೈಯನ್ನು ಅವರಿಗೆ ತೋರಿಸುವುದಾ?"

"ಅಮ್ಮ, ಈಗ ಒಂದನ್ನು ವಾಪಸ್ ತಿರುಗಿಸಿದರೆ ಎಲ್ಲಾ ಪುಟ ಬದಲಾಯಿಸ್ಬೇಕಾಗ್ತದೆ ಮಾರಾಯ್ತಿ! ನನಗೆ ಮಾರ್ಕ್ ಬರುವುದು ಇದಕ್ಕೇ. ಅವರು ಗಮನಿಸ್ಲಿಕ್ಕೂ ಇಲ್ಲ."

"ಗಮನಿಸ್ತಾರೆ," ಎಂದೆ. ಅವಳು ಫೋನ್ ಇಟ್ಟಳು.

ಅವಳು ಹೇಳಿದ್ದೂ ಸುಳ್ಳಲ್ಲ, ಬೇರೆ ಕೈ ನೋಡಿ ಕಲಿಯುವುದು ಕಷ್ಟವೇ. ಬಂಟ್ವಾಳದಲ್ಲಿ ನಾನು ಕಾನ್ವೆಂಟಿಗೆ ಹೋಗುತ್ತಿದ್ದಾಗ ಹೊಲಿಗೆಯ ತರಗತಿಯಲ್ಲಿ ಎಲ್ಲರೂ ಸಿಸ್ಟರ್ ಬೆನ್ನ ಹಿಂದೆ ನಿಂತು, ಅವರ ಭುಜದ ಮೇಲಿಂದ ನೋಡಿ ಕಲಿಯಬೇಕಿತ್ತು. ಅವರದು ಬಲಗೈ. ನನ್ನ ಸರಪಳಿ ಹೊಲಿಗೆ ಪ್ರತಿ ಸಲ ಗಂಟಾಗುತ್ತಿತ್ತು. ಒಂದು ದಿನ ಸಿಸ್ಟರ್ ಏನೂ ಬೈಯದೆ ತಮ್ಮ ಕುರ್ಚಿಯನ್ನು ತಿರುಗಿಸಿ ನನ್ನ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತರು. "ನೀನು ನನ್ನ ಎದುರಿನ ಕನ್ನಡಿ. ನನ್ನ ಸೂಜಿ ಬಂದ ಕಡೆಯಿಂದ ನಿನ್ನದೂ ಬರಲಿ," ಎಂದರು. ಎದುರು ಕೂತಾಗ ಅವರ ಬಲಗೈ ನನ್ನ ಎಡಗೈಯ ನೇರಕ್ಕೇ ಇತ್ತು. ಆ ದಿನ ಕರವಸ್ತ್ರದ ನಾಲ್ಕು ಅಂಚೂ ಮುಗಿಸಿದೆ. ಇಬ್ಬರೂ ಕೈ ಬದಲಿಸಲಿಲ್ಲ.

ಇದು ನೆನಪಾದದ್ದು ಸೌತೆಕಾಯಿ ಹೆಚ್ಚುವಾಗ. ಮಗಳು ಎಲ್ಲ ವಿಡಿಯೋವನ್ನೂ ಆ ಟೋಪಿ ಹೊಲಿಯುವವರ ಬೆನ್ನ ಹಿಂದಿನಿಂದ ತೆಗೆದಿದ್ದಳು. ಎದುರಿನಿಂದ ತೆಗೆದರೆ ಅವರ ಎಡಗೈ ತಾನಾಗಿ ಪರದೆಯ ಬಲಕ್ಕೆ, ನೋಡುವವರ ಬಲಗೈಯ ನೇರಕ್ಕೆ ಬರುತ್ತದೆ. ಏನನ್ನೂ ತಿರುಗಿಸಬೇಕಾಗಿಲ್ಲ.

ಬಾಯಲ್ಲಿ ಹೇಳಿದರೆ ಅವಳು ಒಪ್ಪಲಿಕ್ಕಿಲ್ಲ ಎನಿಸಿತು. ಹಳೆ ದಿಂಬಿನ ಚೀಲವನ್ನು ಎರಡು ತುಂಡು ಮಾಡಿ, ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ, ಅತ್ತೆಯನ್ನು ಕರೆದೆ.

"ಸೂಜಿ ಹಿಡಿದು ನನ್ನ ಎದುರು ಕೂತ್ಕೊಳ್ಳಿ ಅತ್ತೆ. ನಾನು ಮಾಡಿದ ಹಾಗೆ ಮಾಡಿ."

"ನಿನ್ನ ಎಡಗೈ ನೋಡಿ ನಾನು ಕಲಿಯುವ ಕಾಲ ಬಂತಾ?" ಎಂದರು. ಆದರೂ ಕನ್ನಡಕ ಹಾಕಿಕೊಂಡು ಕೂತರು. ಸರಪಳಿ ಹೊಲಿಗೆ ಅವರಿಗೆ ಬರುತ್ತಿರಲಿಲ್ಲ. ನಾಲ್ಕನೇ ಕುಣಿಕೆಗೆ ಕೈ ಹದವಾಯಿತು, ಹತ್ತನೆಯದಕ್ಕೆ ನನ್ನನ್ನು ನೋಡುವುದನ್ನೇ ಬಿಟ್ಟರು. "ಇಷ್ಟೇಯಾ?" ಎಂದು ಬಟ್ಟೆ ಎತ್ತಿ ಫೋನಿಗೆ ತೋರಿಸಿದರು. ಆ ವಿಡಿಯೋವನ್ನು ಹಾಗೆಯೇ ಮಗಳಿಗೆ ಕಳಿಸಿದೆ.

ಒಂದು ಗಂಟೆಯ ನಂತರ ಉತ್ತರ ಬಂತು: "ನಾಳೆ ಬೆಳಿಗ್ಗೆಯೇ ಹೋಗಿ ಎದುರಿನಿಂದ ತೆಗೀತೇನೆ. ಎಲ್ಲ ಪುಟ ಆಗ್ಲಿಕ್ಕಿಲ್ಲ. ಅಜ್ಜಿಗೆ ಫುಲ್ ಮಾರ್ಕ್."

ಎಲ್ಲ ಪುಟ ಆಗಲೂ ಇಲ್ಲ. ಹೊಲಿಗೆಯ ಪುಟಗಳನ್ನಷ್ಟೇ ಹೊಸದಾಗಿ ಕೂರಿಸಿ, ತಿರುಗಿಸಿದ್ದ ಉಳಿದ ವಿಡಿಯೋಗಳನ್ನು ಸರಿಪಡಿಸಲು ಹೊತ್ತು ಸಾಲದೆ ತೆಗೆದುಹಾಕಿದಳಂತೆ. ಎಲೆಗೆ ಇಸ್ತ್ರಿ ಹಾಕುವ ಆ ಚಂದದ ಪುಟವೂ ಹೋಯಿತು. ಪುಸ್ತಕ ತೆಳ್ಳಗಾಯಿತು, ಅದಕ್ಕೆ ಮಾರ್ಕ್ ಕಡಿಮೆ ಬಂತು. ಅದನ್ನು ಅವಳು ಈಗಲೂ ನನಗೆ ಆಗಾಗ ನೆನಪಿಸುತ್ತಾಳೆ.

ವಿಡಿಯೋ ಕಳಿಸಿದ ಮರುದಿನ, ಅವರಿಗೆ ಪುಸ್ತಕ ತೋರಿಸುವ ಸಂಜೆ, ಅವಳ ಫೋನಿಗೆ ಕಾದು ಕೂತೆ.

"ತೋರಿಸಿದ್ಯಾ? ಏನು ಹೇಳಿದರು?"

"ಬೆರಳಲ್ಲಿ ಎಳೆದು ಎಳೆದು ನೋಡಿದರು. ಎಡಗೈಯಲ್ಲೇ. ಆಮೇಲೆ, ಪರದೆಯಲ್ಲಿ ಮೂಡುವ ಹೊಲಿಗೆ ದೂರ ದೂರ ಉಂಟು, ಈ ಟೋಪಿ ಹಾಕಿದರೆ ತಲೆ ಒದ್ದೆ ಆಗ್ತದೆ ಅಂದರು. ಎಲ್ಲರೂ ನಗಾಡಿದರು. ನಾನು ಅಲ್ಲೇ ಕೂತು ಹತ್ತಿರ ಹತ್ತಿರ ಮಾಡಿಕೊಟ್ಟೆ."

"ಮತ್ತೆ, ಕೈಯ ಬಗ್ಗೆ?"

"ಕೈಯ ಬಗ್ಗೆ ಏನೂ ಹೇಳಲಿಲ್ಲ ಅಮ್ಮ. ನೀನು ಅಷ್ಟು ಹೇಳಿದ್ದಕ್ಕೆ ನಾನು ಕಾದೆ. ಒಂದು ಮಾತೂ ಇಲ್ಲ."

"ಅವರದೇ ಕೈಯಲ್ವಾ," ಎಂದೆ. "ಹೇಳ್ಲಿಕ್ಕೆ ಏನುಂಟು?"