ನೇಮಣ್ಣನ ಟ್ಯಾಂಕು
ಬೋರಗಾಂವದಲ್ಲಿ ಕರೆಂಟು ಹೋದರೆ ಮಗ್ಗದ ಮಾಲೀಕರೆಲ್ಲ ಬೈಯುತ್ತ ಹೊರಗೆ ಬರುತ್ತಾರೆ. ನಮ್ಮ ನೇಮಣ್ಣ ಮಾತ್ರ ಖುಷಿಯಿಂದ ಕಿಟಕಿಯ ಬೆಳಕಿಗೆ ಕೂತು ಟ್ಯಾಂಕು ಕಟ್ಟುತ್ತಾರೆ. ಪ್ಲಾಸ್ಟಿಕ್ಕಿನದು, ಗೇಣುದ್ದದ ಯುದ್ಧದ ಟ್ಯಾಂಕು. ಬೇರೆಯವರಾದರೆ ಹೊರಮೈಗೆ ಬಣ್ಣ ಬಳಿದು ಷೋಕೇಸಿನಲ್ಲಿ ಇಟ್ಟುಬಿಡುತ್ತಾರೆ. ಇವರಿಗೆ ಒಳಗಿನ ಸಂಸಾರದ್ದೇ ಚಿಂತೆ. ಮಗ್ಗದಲ್ಲಿ ಹರಿದ ನೂಲು ಅಲ್ಲಿ ವೈರಾಗುತ್ತದೆ, ಗುಳಿಗೆ ಪಾಕೀಟಿನ ಬೆಳ್ಳಿಹಾಳೆ ಮೀಟರಾಗುತ್ತದೆ, ಡ್ರೈವರನ ಬೆನ್ನಿಗೆ ಅಕ್ಕಿಕಾಳಿನಷ್ಟು ದಿಂಬು ಬೀಳುತ್ತದೆ. ನಿಪ್ಪಾಣಿ ಬಸ್ಸಿನ ಡ್ರೈವರನಿಗೂ ಅಂಥ ಸುಖವಿಲ್ಲ. ಇಷ್ಟೆಲ್ಲ ಮಾಡಿ, ಕೊನೆಗೆ ಮೇಲಿನ ಮುಚ್ಚಳಕ್ಕೆ ಗೋಂದು ಹಚ್ಚಿ ಮತ್ತೆಂದೂ ತೆರೆಯದಂತೆ ಮುಚ್ಚಿಬಿಡುತ್ತಾರೆ. “ಇನ್ನ ಅದನ್ನ ಯಾರ್ ನೋಡ್ತಾರ್ರಿ?” ಎಂದು ಹೆಂಡತಿ ತ್ರಿಶಲಾ ಪ್ರತಿ ಸಲವೂ ಕೇಳುತ್ತಾರೆ. “ಒಳಗ ಕುಂತಾಂವ ನೋಡ್ತಾನ,” ಇವರದು ಪ್ರತಿ ಸಲವೂ ಅದೇ ಉತ್ತರ. ಮೊನ್ನೆ ಮುಚ್ಚಳ ಹಾಕುವ ಮೊದಲು ನೆರೆಮನೆಯ ಮಾಳೇಶ ಬಗ್ಗಿ ನೋಡಿದ. ಸೈನ್ಯದಲ್ಲಿ ಒಂಬತ್ತು ವರ್ಷ ಟ್ಯಾಂಕು ಓಡಿಸಿ ಬಂದವನು ಅವನು. “ಕಾಕಾ, ಗುಂಡು ಇಡೂ ಜಾಗಾದಾಗ ಇದೇನ್ರಿ?” ಅಲ್ಲೊಂದು ಪುಟ್ಟ ತಾಮ್ರದ ಕೊಡ, ಅದರ ಬಾಯಿಗೆ ನೀರು ಸೋಸುವ ಬಿಳಿ ಬಟ್ಟೆ. ಇರುವೆ ಸಾಲು ಕಂಡರೂ ಸುತ್ತುಹಾಕಿ ನಡೆಯುವ ಜೈನ ನೇಮಣ್ಣ ನಾಚಿಕೊಂಡರು. “ಗುಂಡು ಇಡಾಕ ಕೈ ಏಳಲಿಲ್ಲಪಾ. ತಪ್ಪಾತೇನು?” ಮಾಳೇಶ ಆ ಕೊಡದಿಂದ ಕಣ್ಣು ತೆಗೆಯಲಿಲ್ಲ. “ಇರ್ಲಿ ಬಿಡ್ರಿ ಕಾಕಾ. ಮರಳುಗಾಡಿನ್ಯಾಗ ಒಳಗ ಕುಂತಾಗ ನಾವು ದೇವರಿಗೆ ಬೇಡಿಕೊಂಡಿದ್ದು ಇದನ್ನ.”